ದಪ್ಪ ಇದ್ದವರಿಗೆ ಲೆಪ್ಟಿನ್ ಜಾಸ್ತಿ ಇದ್ರೂ ಹಸಿವು ಯಾಕೆ ಕಮ್ಮಿ ಆಗೂದಿಲ್ಲ? ಲೆಪ್ಟಿನ್ ಕ್ಯಾಪ್ಸೂಲ್ ತಗೊಂಡ್ರೆ ತೆಳ್ಳಗಾಗ್ತಾರಾ?

ನಿಮ್ಮ ಡೌಟು ಸರಿಯಾಗೇ ಉಂಟು. ಕೊಬ್ಬಿನಿಂದಲೇ ಲೆಪ್ಟಿನ್ ಅನ್ನೋ ಹಾರ್ಮೋನು ಬರೂದು, ಅದು ಹಸಿವು ತಗ್ಗಿಸ್ತದೆ ಅಂತಾದ್ರೆ ದಪ್ಪ ಇದ್ದವರಿಗೆ ಊಟವೇ ಬೇಡ ಅನ್ನಿಸ್ಬೇಕಿತ್ತು. ನಾನು ಕಾರವಾರದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳ್ತೇನೆ, ಮಧ್ಯಾಹ್ನ ಮೀನ್ ಸಾರು ಅನ್ನ ಉಂಡು ಬಂದು ತೂಕಡಿಸೋ ಕ್ಲಾಸಲ್ಲೂ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ.

ಈಗಷ್ಟೇ ಉಂಡದ್ದಕ್ಕೆ ಸಾಕು ಅನ್ನೂದು ಹೆಚ್ಚಾಗಿ ಹೊಟ್ಟೆ-ಕರುಳಿನ ಸಿಗ್ನಲ್ಲು, ಲೆಪ್ಟಿನ್ ಹೇಳೂದು ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟುಂಟು ಅಂತ. ರಕ್ತದಲ್ಲಿ ಹೋಗಿ ಮೆದುಳಿನ ಬುಡದ ಹೈಪೋಥಲಾಮಸ್ ಮುಟ್ತದೆ, ಅಲ್ಲಿ ಎರಡು ಬಗೆ ನ್ಯೂರಾನ್ (ನರಕೋಶ) ಉಂಟು, ಎಜಿಆರ್‌ಪಿ ಅನ್ನೂದು ತಿನ್ನು ತಿನ್ನು ಅಂತದೆ, ಪಿಒಎಂಸಿ ಅನ್ನೂದು ಸಾಕು ಅಂತದೆ, ಲೆಪ್ಟಿನ್ ಮೊದಲನೇದರ ಬಾಯಿ ಮುಚ್ಚಿಸಿ ಎರಡನೇದನ್ನ ಎಬ್ಬಿಸ್ತದೆ. ಇಲಿಗಳಲ್ಲಿ ಬರೀ ನ್ಯೂರಾನಿನ ಲೆಪ್ಟಿನ್ ರಿಸೆಪ್ಟರ್ (ಲೆಪ್ಟಿನ್ ಬಂದು ಅಂಟೋ ಜಾಗ) ತೆಗೆದ್ರೂ ಸಾಕು, ದಪ್ಪ ಆಗ್ತವೆ.

1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಯುನಿವರ್ಸಿಟಿಯ ಜೆಫ್ರಿ ಫ್ರೀಡ್‌ಮನ್ ತಂಡ ಇದರ ಜೀನ್ ಹಿಡಿದಾಗ ಬೊಜ್ಜಿಗೆ ಮದ್ದು ಸಿಕ್ತು ಅಂತಲೇ ಎಲ್ಲರೂ ಅಂದ್ಕೊಂಡ್ರು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನವರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ರು ಮಕ್ಕಳ ಬಗ್ಗೆ ಬರೆದ್ರು, 8 ವರ್ಷದ ಹುಡುಗಿ 86 ಕೆಜಿ, 2 ವರ್ಷದ ಹುಡುಗ 29 ಕೆಜಿ, ಯಾವಾಗ್ಲೂ ಹಸಿವು. ಅಂಥ ಮಕ್ಕಳಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ರೆ ಹಸಿವೂ ಇಳೀತು ತೂಕವೂ ಇಳೀತು. ಆದ್ರೆ ಇದು ತೀರಾ ಅಪರೂಪ. ಮಾಮೂಲಿ ದಪ್ಪ ಇದ್ದವರಿಗೆ ಕೊಟ್ಟಾಗ ಹೇಳಿಕೊಳ್ಳುವಷ್ಟು ಏನೂ ಆಗ್ಲಿಲ್ಲ, ಯಾಕಂದ್ರೆ ಅವರಲ್ಲಿ ಅದು ಮೊದ್ಲೇ ಧಾರಾಳ ಉಂಟು, ನ್ಯೂರಾನುಗಳು ಅದಕ್ಕೆ ಸರಿಯಾಗಿ ಓಗೊಡೂದಿಲ್ಲ. ಇದಕ್ಕೇ ಲೆಪ್ಟಿನ್ ರೆಸಿಸ್ಟೆನ್ಸ್ ಅನ್ನೂದು.

ನನ್ನ ಕೇಳಿದ್ರೆ ಲೆಪ್ಟಿನ್ನನ್ನ ತೆಳ್ಳಗೆ ಮಾಡೋ ಹಾರ್ಮೋನು ಅಂತ ನೋಡಿದ್ದೇ ಎಡವಟ್ಟು. ಮನೇಲಿ ಅಕ್ಕಿ ಡಬ್ಬಿ ತುಂಬಿದ್ರೆ ಯಾರೂ ಮಾತಾಡೂದಿಲ್ಲ, ತಳ ಕಂಡ್ರೆ ಮಾತ್ರ ಗಲಾಟೆ, ಮೆದುಳೂ ಹಂಗೇ. ಡಯಟ್ ಮಾಡಿ ಹತ್ತು ಕೆಜಿ ಇಳಿಸಿದವರಿಗೆ ಲೆಪ್ಟಿನ್ ಬಿದ್ದು ಹೋಗ್ತದೆ, ಕೂಡ್ಲೇ ಹಸಿವು ಏರ್ತದೆ, ಮೈ ಕ್ಯಾಲೊರಿ ಸುಡೂದನ್ನೂ ಕಮ್ಮಿ ಮಾಡ್ತದೆ, ಅದಕ್ಕೇ ಇಳಿದ ತೂಕ ತಿರುಗಿ ಬರೂದು. ಪಾಪ, ಅವರಿಗೆ ಬಾಯಿ ಚಪಲ ಅಂತ ಬೈಯೂದು ತಪ್ಪು.

ಇನ್ನು ಕ್ಯಾಪ್ಸೂಲ್: ಲೆಪ್ಟಿನ್ ಅಂದ್ರೆ ಪ್ರೋಟೀನ್, ನುಂಗಿದ್ರೆ ಹೊಟ್ಟೇಲಿ ಜೀರ್ಣ ಆಗಿ ಹೋಗ್ತದೆ, ಅದಕ್ಕೇ ಡಾಕ್ಟ್ರು ಕೊಡೂದು ಇಂಜೆಕ್ಷನ್ನು, ಅದೂ ಅಪರೂಪದ ಕಾಯಿಲೆಗೆ. ಆನ್‌ಲೈನಲ್ಲಿ ಲೆಪ್ಟಿನ್ ಹೆಸರು ಹಾಕಿ ಮಾರೋ ಡಬ್ಬೀಲಿ ಸಾಮಾನ್ಯವಾಗಿ ಲೆಪ್ಟಿನ್ನೇ ಇರೂದಿಲ್ಲ, ದುಡ್ಡು ಹಾಕ್ಬೇಡಿ.