ಬದನೆಗೂ ಊರಿದೆ, ಹೆಸರಿದೆ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ನಿಮ್ಮ ಪತ್ರಿಕೆ ನೋಡಿ ಎಣ್ಣೆಗಾಯಿ ಮಾಡಿದೆ. ಸೂಪರ್‌ಮಾರ್ಕೆಟ್‌ನಿಂದ ದೊಡ್ಡ ನೇರಳೆ ಬದನೆ ತಂದಿದ್ದೆ. ಹೊರಗೆ ಸೀದು ಹೋಯಿತು, ಒಳಗೆ ಹಸಿ. ಒಂದರಲ್ಲಿ ಹುಳ ಬೇರೆ. ಯಾವ ಬದನೆಯಾದರೇನು, ಎಲ್ಲಾ ಒಂದೇ ಅಲ್ವಾ? ತಿಂದ ಹುಳ ಸಾಯುವಂತೆ ವಂಶವಾಹಿ ಬದಲಿಸಿದ ಬಿ.ಟಿ. ಬದನೆಯನ್ನಾದರೂ ಬೆಳೆಯಲು ಬಿಟ್ಟಿದ್ದರೆ ಹುಳದ ಕಾಟ ತಪ್ಪುತ್ತಿತ್ತು."

ಅಮ್ಮಾ, ಎಣ್ಣೆಗಾಯಿಗೆ ಎಳೆಯ ಗುಂಡು ಬದನೆ ಅಂತ ಸ್ಪಷ್ಟವಾಗಿ ಬರೆದಿದ್ದೆವು. ನೀವು ತಂದದ್ದು ಕೆಂಡದ ಮೇಲೆ ಸುಟ್ಟು ಬಜ್ಜಿ ಮಾಡುವ ಕಾಯಿ. ಅದರ ಹೊಟ್ಟೆ ಸೀಳಿ ಮಸಾಲೆ ತುಂಬಿದರೆ ಅದು ತಾನೇ ಏನು ಮಾಡೀತು?

ಹುಳದ ಮಾತು ಒಪ್ಪುತ್ತೇನೆ. ಕಾಯಿಕೊರಕ ಒಮ್ಮೆ ಒಳಗೆ ಸೇರಿತೆಂದರೆ ಹೊರಗೆ ಹೊಡೆದ ಔಷಧಿ ಅದಕ್ಕೆ ತಾಗುವುದಿಲ್ಲ, ರೈತರ ಕಷ್ಟ ನಿಜ. ಬಾಂಗ್ಲಾದೇಶ 2013ರಲ್ಲೇ ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟಿತು. ಸರಿ. ಆದರೆ ನಮ್ಮಲ್ಲಿ 2010ರ ಫೆಬ್ರುವರಿ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅದನ್ನು ತಡೆಹಿಡಿದದ್ದು ಸುಮ್ನೆ ಅಲ್ಲ. ಅದಕ್ಕೂ ಮುಂಚೆ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರನ್ನು ಕೂರಿಸಿ ಕೇಳಿದ್ದರು. ಬಿ.ಟಿ. ಮಾಡಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆರಿಸಿಕೊಂಡ ತಳಿಗಳಲ್ಲಿ ನಮ್ಮ ಉಡುಪಿಯ ಗುಂಡು ಬದನೆ ಗುಳ್ಳವೂ ಇತ್ತು ಅಂತ ಗೊತ್ತಾ ನಿಮಗೆ? ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಕಟಪಾಡಿ ಹತ್ತಿರದ ಮಟ್ಟು ಅನ್ನುವ ಊರಿನ ಗುಳ್ಳವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತಿಳಿ ಹಸಿರು, ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳ್ಳಗೆ. ಹೆಚ್ಚಿದ ಕೂಡಲೇ ನೀರಿಗೆ ಹಾಕಬೇಕು. ತೆಂಗಿನಕಾಯಿ ಹಾಕದ ಬೋಳುಹುಳಿಗೆ ಬಿದ್ದರೆ ಬೆಣ್ಣೆಯ ಹಾಗೆ ಕರಗುತ್ತದೆ. ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜ ಗುರುಗಳು ಅಂತ ಆ ಊರಿನವರು ಇವತ್ತಿಗೂ ಹೇಳುತ್ತಾರೆ. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈ ಬದಲಾಗುವ ಪರ್ಯಾಯದ ಅಡುಗೆಗೂ ಅದೇ ಬೇಕು. 2011ರಲ್ಲಿ ಊರಿನ ಹೆಸರನ್ನು ಕಾಪಾಡುವ ಜಿಐ ಟ್ಯಾಗ್ ಸಿಕ್ಕಿತು. ಆಮೇಲೆ? ಪೇಟೆಯಲ್ಲಿ ಕಂಡ ಕಂಡ ಗುಳ್ಳಕ್ಕೆಲ್ಲ ಮಟ್ಟುಗುಳ್ಳ ಅನ್ನುವ ಹೆಸರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಮೈಸೂರಿನವರಿಗೆ ವಾಂಗಿಬಾತ್ ಅಂದರೆ ಈರನಗೆರೆಯ ಹಸಿರು ಬದನೆಯೇ ಆಗಬೇಕು. ಉತ್ತರ ಕರ್ನಾಟಕದಲ್ಲಿ ಮುಳಗಾಯಿ ಅನ್ನುತ್ತಾರೆ, ಜೋಳದ ರೊಟ್ಟಿ ಜೊತೆಗೆ ಅದರ ಎಣ್ಣೆಗಾಯಿ ಉಂಡವರು ನಿಮ್ಮ ಹಾಗೆ "ಎಲ್ಲಾ ಒಂದೇ" ಅಂತ ಪತ್ರ ಬರೆಯುವುದಿಲ್ಲ. ಮಾವಿನ ಅಂಗಡಿಯಲ್ಲಿ ರಸಪುರಿ, ಮಲಗೋವಾ, ಬಾದಾಮಿ ಅಂತ ಬೋರ್ಡ್ ನೇತು ಹಾಕುತ್ತಾರಲ್ಲ, ಬದನೆ ಮಾಡಿದ ಪಾಪವೇನು? ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲಾ ಬದನೆಯ ನೆಂಟರೇ, ಅಮೆರಿಕದಿಂದ ಬಂದವರು. ನಮ್ಮ ಕಡೆಯದ್ದು ಇದೊಂದೇ, ಬಿಲ್ಲಿನಲ್ಲಿ ಇದಕ್ಕೇ ಹೆಸರಿಲ್ಲ. ಯೂಟ್ಯೂಬ್ ಅಡುಗೆಯವರೂ ಅಷ್ಟೇ, "ಬದನೆಕಾಯಿ ಕಾಲು ಕೆಜಿ" ಅಂದು ಮುಂದಕ್ಕೆ ಹೋಗಿಬಿಡುತ್ತಾರೆ. ಕೇಳುವವರಿಲ್ಲದಿದ್ದರೆ ಬೆಳೆಯುವವನಾದರೂ ಯಾಕೆ ಹಳೇ ಬೀಜ ಎತ್ತಿಡುತ್ತಾನೆ?

ಈ ಭಾನುವಾರ ಸೂಪರ್‌ಮಾರ್ಕೆಟ್ ಬಿಟ್ಟು ಸಂತೆ ಕಡೆ ಹೋಗಿ. ನಿಂಬೆಗಿಂತ ಸ್ವಲ್ಪ ದೊಡ್ಡದಿರುವ ಗುಂಡು ಬದನೆ ಆರಿಸಿ. ತೂತು ಇದೆಯಾ ಅಂತ ತೊಟ್ಟಿನ ಹತ್ತಿರವೂ ನೋಡಿ. ಮಾರುವವರ ಹತ್ತಿರ ಯಾವ ಊರಿನದು ಅಂತ ಕೇಳಿ, ಎಣ್ಣೆಗಾಯಿ ಹೇಗಾಯಿತು ಅಂತ ಬರೆಯುವಾಗ ಅದನ್ನೂ ತಿಳಿಸಿ.