ಬಿರುಗಾಳಿಯ ಭಯ ಬಿಡಿ, ಹಗ್ಗ ನೋಡಿ

ಪ್ರಶ್ನೆ: ಮೇಡಂ, ನಾನು ಮತ್ತು ನನ್ನ ಯಜಮಾನರು ಮೂವತ್ತೆಂಟು ಅಡಿಯ ಹಾಯಿದೋಣಿಯಲ್ಲಿ ಪೆಸಿಫಿಕ್ ಸಾಗರದ ಗಲಪಗೋಸ್‌ನಿಂದ ಮಾರ್ಕೆಸಸ್ ದ್ವೀಪಗಳಿಗೆ ಹೊರಡುವವರಿದ್ದೇವೆ. ನಡುವೆ ಎಲ್ಲೂ ನೆಲವಿಲ್ಲ. ಬಿರುಗಾಳಿ ಎದ್ದರೆ ಏನು ಗತಿ ಎಂದು ನನಗೆ ಚಿಂತೆ. ಗಾಳಿ ನಿಂತರೆ ಎಂಜಿನ್ ಇದೆಯಲ್ಲ ಎನ್ನುತ್ತಾರೆ ಅವರು. ಇಬ್ಬರೇ ಇರುವಾಗ ರಾತ್ರಿ ನಿದ್ದೆ ಹೇಗೆ?

ಉತ್ತರ: ನಿಮ್ಮ ಯಜಮಾನರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಬರೀ ಲೆಕ್ಕ. ದಾರಿ ಸುಮಾರು 3,000 ನಾಟಿಕಲ್ ಮೈಲಿ. ಸರಾಸರಿ 5 ನಾಟ್ ವೇಗವೆಂದರೆ ದಿನಕ್ಕೆ 120 ಮೈಲಿ, ಒಟ್ಟು 25 ದಿನ. ಎಂಜಿನ್ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಕುಡಿದರೆ 200 ಲೀಟರಿನ ಟ್ಯಾಂಕು 80 ಗಂಟೆಯಲ್ಲಿ ಖಾಲಿ. ಅಷ್ಟರಲ್ಲಿ ನೀವು ಕ್ರಮಿಸಿರುವುದು 400 ಮೈಲಿ. ಮಿಕ್ಕದ್ದನ್ನು ಗಾಳಿಯೇ ದಾಟಿಸಬೇಕು. ನೀವು ಹೊರಡುವ ಜಾಗ ಸಮಭಾಜಕದ ಹತ್ತಿರ, ಅಲ್ಲಿ ಗಾಳಿ ಮಂದ, ಹಾಗಾಗಿ ಡೀಸೆಲ್ ಸುಡುವುದಿದ್ದರೆ ಮೊದಲ ದಿನಗಳಲ್ಲಿ ಸುಡಿ. ನೇರ ಪಶ್ಚಿಮಕ್ಕೆ ತಿರುಗದೆ ನೈಋತ್ಯಕ್ಕೆ ಇಳಿಯಿರಿ. ದಕ್ಷಿಣ ಅಕ್ಷಾಂಶ 3ರಿಂದ 5 ಡಿಗ್ರಿಯ ಆಸುಪಾಸಿನಲ್ಲಿ ಆಗ್ನೇಯ ವಾಣಿಜ್ಯ ಮಾರುತ ಸಿಗುತ್ತದೆ. ಅಲ್ಲಿಂದ ಮುಂದೆ ಸಮುದ್ರದ ಪ್ರವಾಹವೂ ನಿಮ್ಮ ದಿಕ್ಕಿಗೇ ಹರಿಯುತ್ತದೆ.

ಇನ್ನು ಬಿರುಗಾಳಿ. ದಕ್ಷಿಣ ಪೆಸಿಫಿಕ್‌ನಲ್ಲಿ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಆದರೂ ಮಾರ್ಕೆಸಸ್‌ವರೆಗೆ ಅವು ಬರುವುದು ಅಪರೂಪ. ಮಾರ್ಚ್‌ನಿಂದ ಮೇ ನಡುವೆ ಹೊರಡುವ ದೋಣಿಗಳೇ ಹೆಚ್ಚು. ನಿಮಗೆ ಎದುರಾಗುವುದು ಬಿರುಮಳೆ. ಕಪ್ಪು ಮೋಡ ತಲೆ ಮೇಲೆ ಬಂದೊಡನೆ ಗಾಳಿ ಇಮ್ಮಡಿಯಾಗುತ್ತದೆ, ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಕತ್ತಲಾಗುವ ಮೊದಲೇ ಹಾಯಿ ಕುಗ್ಗಿಸಿಬಿಡಿ. ಒಂದಿಷ್ಟು ಮೈಲಿ ಕಳೆದುಕೊಂಡರೂ ಪರವಾಗಿಲ್ಲ.

ನಾನು ನಿಜವಾಗಿ ಹೆದರುವುದು ಸವೆತಕ್ಕೆ. ಈ ದಾರಿಯಲ್ಲಿ ಗಾಳಿ ವಾರಗಟ್ಟಲೆ ಬೆನ್ನ ಕಡೆಯಿಂದಲೇ ಬೀಸುತ್ತದೆ. ಹಾಯಿ ಒಂದೇ ಭಂಗಿಯಲ್ಲಿ ನಿಂತಿರುತ್ತದೆ, ಹಗ್ಗ ಒಂದೇ ರಾಟೆಯ ಮೇಲೆ ಒಂದೇ ಜಾಗದಲ್ಲಿ ಕೂತಿರುತ್ತದೆ. ದಕ್ಷಿಣದಿಂದ ಬರುವ ದೊಡ್ಡ ಅಲೆಗಳು ದೋಣಿಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಇರುತ್ತವೆ. ಪ್ರತಿ ಹೊರಳಿಗೆ ಹಗ್ಗ ಕೂದಲೆಳೆಯಷ್ಟು ಉಜ್ಜುತ್ತದೆ. ಇಂಥ ಹೊರಳು ದಿನಕ್ಕೆ ಸಾವಿರಾರು. ಹತ್ತನೆಯ ದಿನವೋ ಹದಿನೈದನೆಯ ದಿನವೋ ನಡುರಾತ್ರಿ ಹಗ್ಗ ಪಟ್ಟನೆ ಹರಿದು ಹಾಯಿ ನೀರಿಗೆ ಬೀಳುತ್ತದೆ. ಆ ಹೊತ್ತಿನ ಹವೆ ಎಷ್ಟು ಸೊಗಸಾಗಿರುತ್ತದೆಂದರೆ ಯಾರಿಗೂ ನಂಬಿಕೆಯೇ ಬರುವುದಿಲ್ಲ.

ಅದಕ್ಕೇ ಬೆಳಗಿನ ಬೆಳಕಿನಲ್ಲಿ ದೋಣಿಯ ಮುಂಭಾಗದಿಂದ ಹಿಂಭಾಗದವರೆಗೆ ಒಂದು ಸುತ್ತು ಹಾಕಿ. ರಾತ್ರಿ ಬಂದು ಬಿದ್ದ ಹಾರುಮೀನುಗಳನ್ನು ಎತ್ತಿಹಾಕುವಾಗಲೇ ಈ ಕೆಲಸವೂ ಆಗುತ್ತದೆ. ಹಾಯಿ ಏರಿಸುವ ಹಗ್ಗವನ್ನು ದಿನಕ್ಕೊಮ್ಮೆ ಒಂದು ಗೇಣು ಸಡಿಲಿಸಿ ಅಥವಾ ಬಿಗಿದು ಜಾಗ ಬದಲಿಸಿ. ಕೂವೆಮರದ ತುದಿಯನ್ನು ದುರ್ಬೀನಿನಲ್ಲಿ ನೋಡಿ. ಡೆಕ್ಕಿನ ಮೇಲೆ ಬಿದ್ದ ಸಣ್ಣ ಪಿನ್ನು ಕಂಡರೆ ಅದು ಎಲ್ಲಿಂದ ಬಂತೆಂದು ಪತ್ತೆಯಾಗುವವರೆಗೆ ಬಿಡಬೇಡಿ. ಚಹಾ ತಣ್ಣಗಾದರೆ ಆಗಲಿ.

ದೋಣಿಯಂತೆಯೇ ನೀವೂ ಸವೆಯುತ್ತೀರಿ. ರಾತ್ರಿ ಮೂರು ಗಂಟೆಯ ಪಹರೆ, ಮೂರು ಗಂಟೆಯ ನಿದ್ದೆ, ಸರದಿಯ ಮೇಲೆ. ಮೊದಲ ನಾಲ್ಕು ದಿನ ನರಕ, ಆಮೇಲೆ ಮೈ ಒಗ್ಗುತ್ತದೆ. ಗಾಳಿಯಿಂದಲೇ ನಡೆಯುವ ಸ್ವಯಂಚಾಲಿತ ಚುಕ್ಕಾಣಿ ಇಲ್ಲದಿದ್ದರೆ ಈಗಲೇ ಹಾಕಿಸಿ. ಅದಕ್ಕೆ ವಿದ್ಯುತ್ ಬೇಡ. ಆದರೆ ಕಾವಲಿಗೆ ಕಣ್ಣೇ ಬೇಕು. ದಿಗಂತದಲ್ಲಿ ಮೂಡಿದ ಸರಕುಹಡಗು ಇಪ್ಪತ್ತೇ ನಿಮಿಷದಲ್ಲಿ ನಿಮ್ಮ ಪಕ್ಕಕ್ಕೆ ಬಂದಿರಬಹುದು. ಎಐಎಸ್ ಪರದೆ ಸುತ್ತಲಿನ ಹಡಗುಗಳನ್ನು ತೋರಿಸುತ್ತದೆ ಎಂದು ಹೊರಗೆ ನೋಡುವುದನ್ನು ಬಿಡಬೇಡಿ, ಎಐಎಸ್ ಹಾಕದ ದೋಣಿಗಳೂ ಇರುತ್ತವೆ. ಒಬ್ಬರು ಮಲಗಿರುವಾಗ ಇನ್ನೊಬ್ಬರು ಸುರಕ್ಷತಾ ಬೆಲ್ಟ್ ಸಿಕ್ಕಿಸಿಕೊಳ್ಳದೆ ಡೆಕ್ಕಿಗೆ ಕಾಲಿಡಕೂಡದು. ಈ ಮಾತಿಗೆ ವಿನಾಯಿತಿಯಿಲ್ಲ.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಹಿಡಿಯಿರಿ. ಹೆಚ್ಚುವರಿ ನೀರು ಬೇರೆ ಕ್ಯಾನುಗಳಲ್ಲಿರಲಿ, ಒಂದು ಟ್ಯಾಂಕು ಸೋರಿದರೂ ಗತಿಯಿರುತ್ತದೆ. ಮಾರ್ಕೆಸಸ್‌ನಲ್ಲಿ ಮೊದಲು ಹಿವಾ ಓವಾದ ಅಟುವೋನಾಕ್ಕೋ ನುಕು ಹಿವಾದ ತಾಯೋಹೆಗೋ ಹೋಗಿ ಕಾಗದಪತ್ರ ಮುಗಿಸಿ. ಅಲ್ಲಿನದೇ ಫಾಟು ಹಿವಾ ದ್ವೀಪ ಎಷ್ಟು ಕರೆದರೂ ಅದು ಪ್ರವೇಶ ಬಂದರಲ್ಲ. ಕತ್ತಲಲ್ಲಿ ತಲುಪಿದರೆ ದೂರದಲ್ಲೇ ಕಾದು, ಬೆಳಗಾದ ಮೇಲೆ ಒಳಗೆ ಹೋಗಿ ಲಂಗರು ಹಾಕಿ.

ಪ್ರಶ್ನೆ: ದಿಕ್ಸೂಚಿಯೇ ಇಲ್ಲದೆ ಪಾಲಿನೇಷ್ಯದವರು ಇಂಥ ದೂರ ದಾಟುತ್ತಿದ್ದರು ಎನ್ನುವುದು ನಿಜವೇ?

ಉತ್ತರ: ನಿಜ, ನಮ್ಮ ಕಾಲದಲ್ಲೇ ಮಾಡಿ ತೋರಿಸಿದ್ದಾರೆ. 1976ರಲ್ಲಿ ಹೊಕುಲೆಯಾ ಎಂಬ ಜೋಡಿ ಒಡಲಿನ ದೋಣಿ ಹವಾಯಿಯಿಂದ ತಾಹಿತಿಗೆ ಯಾವ ಉಪಕರಣವೂ ಇಲ್ಲದೆ ಸುಮಾರು ಒಂದು ತಿಂಗಳಲ್ಲಿ ಹೋಯಿತು. ದಾರಿ ಹಿಡಿದವರು ಮೈಕ್ರೋನೇಷ್ಯದ ಸತವಾಲ್ ದ್ವೀಪದ ಮಾವು ಪಿಯಾಯ್ಲುಗ್. ಯಾವ ನಕ್ಷತ್ರ ದಿಗಂತದ ಯಾವ ಬಿಂದುವಿನಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೋಡ ಕವಿದ ರಾತ್ರಿ ಅಲೆಗಳ ಹೊಡೆತ ದೋಣಿಗೆ ಯಾವ ಕೋನದಲ್ಲಿ ತಾಗುತ್ತಿದೆ ಎಂದು ಮೈಯಿಂದಲೇ ತಿಳಿಯುತ್ತಿದ್ದರು. ಒಂದು ಚುಕ್ಕೆಯಂಥ ದ್ವೀಪಕ್ಕೆ ಗುರಿಯಿಡದೆ ಇಡೀ ದ್ವೀಪಸಮೂಹಕ್ಕೆ ಗುರಿಯಿಡುವುದು ಆ ಪದ್ಧತಿಯ ಜಾಣತನ. ಸಂಜೆ ನೆಲದತ್ತ ಮರಳುವ ಹಕ್ಕಿಗಳು ಉಳಿದ ದಾರಿ ತೋರಿಸುತ್ತವೆ. ಆ ವಿದ್ಯೆಯ ಮೇಲೆ ನನಗೆ ಅಪಾರ ಗೌರವ. ಅದು ಅವರೊಂದಿಗೇ ಮುಗಿಯಲಿಲ್ಲ. ಅವರಿಂದ ಕಲಿತ ಹವಾಯಿಯ ನೈನೋವಾ ಥಾಂಪ್ಸನ್ 1980ರಲ್ಲಿ ಅದೇ ದೋಣಿಯನ್ನು ಉಪಕರಣಗಳಿಲ್ಲದೆ ತಾಹಿತಿಗೆ ಒಯ್ದು ವಾಪಸ್ಸೂ ತಂದರು.