ಬೀದಿಯಲ್ಲಿರುವ ಮನೋರೋಗಿಗೆ ಶುಶ್ರೂಷೆ: ಎಲ್ಲಿಂದ ಆರಂಭ, ಎಲ್ಲಿಯವರೆಗೆ?

ಮನೆಯಿಲ್ಲದೆ ಬೀದಿಯಲ್ಲಿ ಬದುಕುತ್ತಿರುವ, ತೀವ್ರ ಮಾನಸಿಕ ಕಾಯಿಲೆಯಿರುವವರ ಆರೈಕೆಯ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು, ಸಮುದಾಯ ಮಾನಸಿಕ ಶುಶ್ರೂಷಾ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ನಮ್ಮೂರ ಬಸ್ ನಿಲ್ದಾಣದ ಹಿಂಬದಿಯಲ್ಲಿ ಸುಮಾರು ನಲವತ್ತು ವಯಸ್ಸಿನ ಒಬ್ಬರು ಒಂದು ವರ್ಷದಿಂದ ಇದ್ದಾರೆ. ಜಡೆಗಟ್ಟಿದ ಕೂದಲು, ಬೇಸಿಗೆಯಲ್ಲೂ ಮೈಮೇಲೆ ಮೂರು ಅಂಗಿ, ಸದಾ ತಮ್ಮಷ್ಟಕ್ಕೆ ತಾವೇ ಮಾತು. ಕಾಲಿನಲ್ಲಿ ಗಾಯವಿದೆ. ಹತ್ತಿರ ಹೋದರೆ ಎದ್ದು ಹೊರಟುಬಿಡುತ್ತಾರೆ. ನಾನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಅವರಿಗೆ ದಿನವೂ ಚಹಾ ಕೊಡುವವರಿಂದ ಆರಂಭಿಸಿ. ಒಬ್ಬ ವ್ಯಕ್ತಿ ಒಂದು ವರ್ಷ ಒಂದೇ ಜಾಗದಲ್ಲಿ ಬದುಕಿ ಉಳಿದಿದ್ದಾರೆ ಎಂದರೆ ಯಾರೋ ಊಟ ಕೊಡುತ್ತಿದ್ದಾರೆ, ಯಾರೋ ಮಳೆ ಬಂದಾಗ ಅಂಗಡಿಯ ಜಗಲಿಯ ಮೇಲೆ ಮಲಗಲು ಬಿಡುತ್ತಿದ್ದಾರೆ ಎಂದೇ ಅರ್ಥ. ಅವರು ಯಾವಾಗ ಬಂದರು, ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತಾರೆ, ರಾತ್ರಿ ನಿದ್ದೆ ಮಾಡುತ್ತಾರೆಯೇ, ಯಾರ ಕೈಯಿಂದ ತಿಂಡಿ ತೆಗೆದುಕೊಳ್ಳುತ್ತಾರೆ, ಯಾರನ್ನು ಕಂಡರೆ ಸರಿದು ಹೋಗುತ್ತಾರೆ ಎಂಬುದು ಚಹಾದಂಗಡಿಯವರಿಗೆ, ಪೌರಕಾರ್ಮಿಕರಿಗೆ, ರಾತ್ರಿ ಕಾವಲಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೋಲ್ಕತ್ತದಲ್ಲಿ 2007ರಲ್ಲಿ ಆರಂಭವಾದ ಈಶ್ವರ ಸಂಕಲ್ಪ ಎಂಬ ಸಂಸ್ಥೆ ಬೀದಿಯಲ್ಲೇ ಚಿಕಿತ್ಸೆ ನೀಡುವ ತನ್ನ ಕೆಲಸವನ್ನು ಕಟ್ಟಿದ್ದು ಇಂಥ ನೆರೆಹೊರೆಯವರನ್ನು ನಂಬಿಯೇ. ಅಲ್ಲಿ ಪಾದಚಾರಿ ಮಾರ್ಗದ ಅಂಗಡಿಯವರೇ ರೋಗಿಯ ಊಟ, ಮಾತ್ರೆಗಳ ಮೇಲೆ ನಿಗಾ ಇಡುತ್ತಾರೆ. ವೈದ್ಯರ ತಂಡ ಅಲ್ಲಿಗೇ ಬರುತ್ತದೆ.

ಅನಂತರ ನೀವು ಅವರ ಕಣ್ಣಿಗೆ ಪರಿಚಿತರಾಗಬೇಕು. ವಾರದ ಗೊತ್ತಾದ ದಿನಗಳಲ್ಲಿ, ಗೊತ್ತಾದ ಹೊತ್ತಿಗೆ ಹೋಗಿ. ಎದುರಿಗೆ ನಿಲ್ಲದೆ, ಅವರು ಎದ್ದು ಹೋಗುವ ದಾರಿಗೆ ಅಡ್ಡವಾಗದೆ, ಮೂರು ನಾಲ್ಕು ಅಡಿ ಪಕ್ಕದಲ್ಲಿ ಅವರಷ್ಟೇ ಎತ್ತರದಲ್ಲಿ ಕುಳಿತು, ನಿಮ್ಮ ಹೆಸರು ಮತ್ತು ಆಸ್ಪತ್ರೆಯ ಹೆಸರು ಹೇಳಿ. ಉತ್ತರ ಬರಲಿಲ್ಲವೆಂದು ಬೇಸರಿಸಬೇಡಿ. ಹೊರಡುವಾಗ ಮತ್ತೆ ಯಾವ ದಿನ ಬರುತ್ತೀರೆಂದು ಹೇಳಿ, ಆ ದಿನ ತಪ್ಪದೆ ಬನ್ನಿ. ಸುತ್ತಲಿನವರ ಪಿತೂರಿಯನ್ನು ಸದಾ ಶಂಕಿಸುವ ಮನಸ್ಸಿಗೆ, ಹೇಳಿದ ಹೊತ್ತಿಗೆ ಬರುವ ಒಬ್ಬ ವ್ಯಕ್ತಿ ಬಹಳ ದೊಡ್ಡ ಸಂಗತಿ. ಇದಕ್ಕೆ ವಾರಗಳು ಹಿಡಿಯಬಹುದು, ಕೆಲವರ ವಿಷಯದಲ್ಲಿ ತಿಂಗಳುಗಳು.

ಈ ಅವಧಿಯಲ್ಲಿ ನಿಮ್ಮ ಕಣ್ಣು ಸುಮ್ಮನಿರಬಾರದು. ನಡಿಗೆ ಓಲಾಡುತ್ತಿದೆಯೇ, ಪಾದ ಊದಿದೆಯೇ, ಕಣ್ಣು ಹಳದಿಯಾಗಿದೆಯೇ, ಕೆಮ್ಮು ನಿಲ್ಲದೆ ಇದೆಯೇ ಎಂಬುದನ್ನು ದೂರದಿಂದಲೇ ಗುರುತಿಸಬಹುದು. ನಿನ್ನೆಯವರೆಗೆ ತಮ್ಮಷ್ಟಕ್ಕೆ ಮಾತನಾಡುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಮಂಕಾಗಿದ್ದರೆ, ಇಲ್ಲವೇ ಎಚ್ಚರ ಗಳಿಗೆಗೊಂದು ರೀತಿಯಾಗುತ್ತಿದ್ದರೆ, ಅದನ್ನು ಹಳೆಯ ಮನೋರೋಗದ ಲೆಕ್ಕಕ್ಕೆ ಬರೆದುಬಿಡಬೇಡಿ. ತಲೆಗೆ ಬಿದ್ದ ಪೆಟ್ಟು, ರಕ್ತದಲ್ಲಿ ಸಕ್ಕರೆ ಇಳಿದಿರುವುದು, ಸೋಂಕು, ಮದ್ಯ ಏಕಾಏಕಿ ನಿಂತಿರುವುದು ಇವೆಲ್ಲ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಆಗ ಪರಿಚಯ ಬೆಳೆಯಲೆಂದು ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಕಾಲಿನ ಗಾಯ ನಿಮಗೆ ಸಿಕ್ಕಿರುವ ಒಳ್ಳೆಯ ದಾರಿ. ತಮಗೆ ಕಾಯಿಲೆಯಿದೆ ಎಂದು ಒಪ್ಪದವರೂ ಕಾಲು ನೋಯುತ್ತದೆ ಎಂಬುದನ್ನು ಒಪ್ಪುತ್ತಾರೆ. ಗಾಯದಲ್ಲಿ ಹುಳುಗಳಿದ್ದರೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಇಟ್ಟು, ಅವು ಮೇಲೆ ಬಂದಂತೆ ಫೋರ್ಸೆಪ್ಸ್‌ನಿಂದ ಒಂದೊಂದಾಗಿ ತೆಗೆಯಬೇಕಾಗುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಈ ಕೆಲಸ ಜನ ನೆರೆದು ನೋಡುವ ಜಾಗದಲ್ಲಿ ಬೇಡ. ಟೆಟನಸ್ ಲಸಿಕೆ, ಗ್ಲುಕೋಮೀಟರ್ ಪರೀಕ್ಷೆ ಜೊತೆಯಲ್ಲೇ ಆಗಲಿ. ಬಹಳ ಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಊಟ ಕೊಡಿಸುವುದು ಅಪಾಯ: ರಕ್ತದಲ್ಲಿನ ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ತೀರಾ ಬಡಕಲಾಗಿದ್ದವರಿಗೆ ಆಹಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು, ಗ್ಲುಕೋಸ್ ಏರಿಸುವ ಮೊದಲು ಥಯಮಿನ್ (ಬಿ1 ವಿಟಮಿನ್) ಕೊಡುವ ಬಗ್ಗೆ ವೈದ್ಯರನ್ನು ಕೇಳಬೇಕು.

ಮೂರು ಅಂಗಿ ಮತ್ತು ಜಡೆಯ ವಿಷಯ. ಬೀದಿಯಲ್ಲಿ ಬಟ್ಟೆ ಇಡಲು ಬೀರು ಇಲ್ಲ. ಇರುವುದನ್ನೆಲ್ಲ ಧರಿಸಿಕೊಳ್ಳುವುದು ಕಳ್ಳತನದಿಂದಲೂ ರಾತ್ರಿಯ ಚಳಿಯಿಂದಲೂ ರಕ್ಷಣೆ, ಹೆಂಗಸರಿಗಂತೂ ಅದಕ್ಕಿಂತ ಮಿಗಿಲಾದುದು. ಇತ್ತೀಚೆಗೆ ಇಂಥವರನ್ನು ಹಿಡಿದು ತಂದು, ತಲೆ ಬೋಳಿಸಿ, ಮೀಯಿಸಿ, ಹೊಸ ಬಟ್ಟೆ ತೊಡಿಸಿ, ಹಿಂದಿನದನ್ನೂ ಈಗಿನದನ್ನೂ ಜೋಡಿಸಿ ವಿಡಿಯೊ ಹಾಕುವ ಅಭ್ಯಾಸ ಬೆಳೆದಿದೆ. ಮಾಡುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಒಪ್ಪಿಗೆಯಿಲ್ಲದೆ ಕೂದಲು ಕತ್ತರಿಸಿಕೊಂಡ ವ್ಯಕ್ತಿ ಮರುದಿನ ನಿಲ್ದಾಣದಿಂದಲೇ ಕಾಣೆಯಾದರೆ ಶುಶ್ರೂಷೆ ಅಲ್ಲಿಗೆ ಮುಗಿಯಿತು. ಜಡೆಯಲ್ಲಿ ಹೇನು, ಹುಣ್ಣು ಇದ್ದರೆ ಅದನ್ನು ವಿವರಿಸಿ, ಅವರು ತಲೆಯಾಡಿಸಿದ ಮೇಲೆ ಕತ್ತರಿ ಹಿಡಿಯಿರಿ.

ಮುಂದಿನ ಹೆಜ್ಜೆ ಮನೋವೈದ್ಯರು. ನಿಮ್ಮ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ ನಡೆಯುತ್ತಿದ್ದರೆ ಆ ತಂಡವನ್ನೇ ನಿಲ್ದಾಣಕ್ಕೆ ಕರೆತರಲು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮುದಾಯ ಶುಶ್ರೂಷಕರ ಹುದ್ದೆಯೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಈ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ರೋಗಿಯನ್ನು ಮನೆಯವರು ಕರೆತರುತ್ತಾರೆ, ಚೀಟಿ ಮಾಡಿಸುತ್ತಾರೆ, ಮಾತ್ರೆ ನುಂಗಿಸುತ್ತಾರೆ ಎಂಬ ನಂಬಿಕೆಯ ಮೇಲೆ ಅದರ ಇಡೀ ನಡೆ ನಿಂತಿದೆ. ಮನೆಯೇ ಇಲ್ಲದವರ ಪಾಲಿಗೆ ಆ ಮೂರೂ ಕೆಲಸ ಯಾರದೂ ಅಲ್ಲ. ಅವನ್ನು ಸಮುದಾಯ ಶುಶ್ರೂಷಕಿ ಕೈಗೆತ್ತಿಕೊಳ್ಳದೆ ಹೋದರೆ ಎಷ್ಟು ಕ್ಲಿನಿಕ್ ತೆರೆದರೂ ಬಸ್ ನಿಲ್ದಾಣದವರು ನಿಲ್ದಾಣದಲ್ಲೇ ಉಳಿಯುತ್ತಾರೆ.

ಪ್ರಶ್ನೆ: ನಾನು ಹೋಟೆಲ್ ನಡೆಸುತ್ತೇನೆ. ನಮ್ಮ ಬಾಗಿಲಲ್ಲಿ ಇರುವ ಒಬ್ಬರಿಗೆ ದಿನಾ ಊಟ ಕೊಡುತ್ತೇವೆ. ಪರಿಚಯದವರೊಬ್ಬರು ಮಾನಸಿಕ ಕಾಯಿಲೆಯ ಮಾತ್ರೆ ತಂದುಕೊಟ್ಟು, ಚಹಾದಲ್ಲಿ ಬೆರೆಸಿ ಕೊಡಿ ಎಂದಿದ್ದಾರೆ. ಕೊಡಬಹುದೇ? ತಿಂಗಳಿಗೊಂದು ಇಂಜೆಕ್ಷನ್ ಇದೆಯಂತೆ, ಅದು ಸುಲಭವಲ್ಲವೇ?

ಉತ್ತರ: ಬೆರೆಸಬೇಡಿ. ವೈದ್ಯರು ನೋಡದೆ, ಅವರಿಗೇ ಹೇಳದೆ ಕೊಡುವ ಔಷಧ ಕಾನೂನಿಗೂ ವೃತ್ತಿಧರ್ಮಕ್ಕೂ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮನೋರೋಗವಿರುವವರೂ ಸೇರಿದಂತೆ ಪ್ರತಿಯೊಬ್ಬರಿಗೂ ತಮ್ಮ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಶಕ್ತಿ ಇದೆಯೆಂದೇ ಮೊದಲು ಭಾವಿಸಬೇಕು. ಇಲ್ಲವೆಂಬುದನ್ನು ತಜ್ಞರು ಪರೀಕ್ಷಿಸಿ ಹೇಳಬೇಕು. ಇನ್ನು ಪ್ರಾಯೋಗಿಕವಾಗಿ ಯೋಚಿಸಿ. ಹ್ಯಾಲೊಪೆರಿಡಾಲ್‌ನಂಥ ಮಾತ್ರೆಯಿಂದ ಕೆಲವರಿಗೆ ಕುತ್ತಿಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಆಸ್ಪತ್ರೆಯಲ್ಲಾದರೆ ಒಂದು ಇಂಜೆಕ್ಷನ್ನಿನಿಂದ ಬೇಗ ಸರಿಹೋಗುವ ತೊಂದರೆ ಅದು. ಮಾತ್ರೆ ನುಂಗಿದ ಸಂಗತಿಯೇ ಗೊತ್ತಿಲ್ಲದೆ ಬೀದಿಯಲ್ಲಿ ಒಬ್ಬಂಟಿಯಾಗಿ ಅದನ್ನು ಅನುಭವಿಸುವವರು, ಯಾರೋ ತಮಗೆ ವಿಷ ಹಾಕಿದ್ದಾರೆ ಎಂದು ನಂಬುತ್ತಾರೆ. ಆ ನಂಬಿಕೆ ಪೂರ್ತಿ ಭ್ರಮೆಯೂ ಅಲ್ಲ. ನಾಳೆಯಿಂದ ನಿಮ್ಮ ಊಟವನ್ನೂ ಮುಟ್ಟುವುದಿಲ್ಲ.

ನೀವು ಮಾಡಬಹುದಾದದ್ದು ಬೇರೆ. ವೈದ್ಯರು ನೋಡಿ, ಬರೆದುಕೊಟ್ಟು, ಅವರೂ ಒಪ್ಪಿದ ಮೇಲೆ ದಿನದ ಮಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಅವರ ಅಂಗೈಗೆ ಇಟ್ಟು, ನೀರು ಕೊಟ್ಟು, ನುಂಗಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇಡವೆಂದ ದಿನ ಒತ್ತಾಯಿಸದೆ ಖಾಲಿ ಬಿಡಿ. ಆ ಖಾಲಿ ಜಾಗವೂ ಶುಶ್ರೂಷಕಿಗೆ ಮಾಹಿತಿಯೇ.

ತಿಂಗಳ ಇಂಜೆಕ್ಷನ್, ಅಂದರೆ ಡಿಪೋ, ಬೀದಿಯಲ್ಲಿರುವವರಿಗೆ ನಿಜಕ್ಕೂ ಅನುಕೂಲ. ಫ್ಲುಫೆನಜಿನ್ ಡೆಕನೊಯೇಟ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹ್ಯಾಲೊಪೆರಿಡಾಲ್ ಡೆಕನೊಯೇಟ್ ನಾಲ್ಕು ವಾರಕ್ಕೊಮ್ಮೆ. ಲಿಥಿಯಂ, ಕ್ಲೋಜಪಿನ್ ಎಂಬ ಮಾತ್ರೆಗಳಿಗೆ ಪದೇಪದೇ ರಕ್ತಪರೀಕ್ಷೆ ಬೇಕಿರುವುದರಿಂದ ಬೀದಿಯಲ್ಲಿ ಅವನ್ನು ನಿಭಾಯಿಸುವುದು ಕಷ್ಟ. ಆದರೆ ಡಿಪೋ ಒಮ್ಮೆ ಒಳಗೆ ಹೋದರೆ ಹಿಂತೆಗೆಯಲು ಬಾರದು. ಆದ್ದರಿಂದ ಮೊದಲು ಆ ಔಷಧ ದೇಹಕ್ಕೆ ಒಗ್ಗುತ್ತದೆಯೇ ಎಂದು ಮಾತ್ರೆಯ ರೂಪದಲ್ಲೋ ಸಣ್ಣ ಪ್ರಮಾಣದಲ್ಲೋ ನೋಡುವುದು ರೂಢಿ. ಕೊಟ್ಟ ಕೆಲವು ದಿನಗಳಲ್ಲಿ ಅವರು ಕುಳಿತಲ್ಲಿ ಕೂರಲಾರದೆ ಹೆಜ್ಜೆ ಹಾಕುತ್ತಲೇ ಇದ್ದರೆ ‘ಕಾಯಿಲೆ ಹೆಚ್ಚಾಯಿತು’ ಎನ್ನಬೇಡಿ. ಅದು ಔಷಧದ ಅಡ್ಡ ಪರಿಣಾಮವೂ ಆಗಿರಬಹುದು, ಶುಶ್ರೂಷಕಿಗೆ ತಿಳಿಸಿ. ಈ ಔಷಧಗಳನ್ನು ಪಡೆಯುವವರಿಗೆ ಬಿಸಿಲಿನ ತಾಪ ಬೇಗ ತಟ್ಟುತ್ತದೆ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಕೈಗೆಟಕುವಂತೆ ನೀರಿಡಿ. ಜೋರು ಜ್ವರದೊಂದಿಗೆ ಮೈ ಬಿಗಿದುಕೊಂಡರೆ 108ಕ್ಕೆ ಕರೆ ಮಾಡಿ, ತಡಮಾಡಬೇಡಿ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ಜಾತ್ರೆಗೆ ಮುಂಚೆ ಇಂಥವರನ್ನು ವಾಹನದಲ್ಲಿ ತುಂಬಿ ದೂರದ ಊರಿನಲ್ಲಿ ಇಳಿಸಿ ಬರುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಅಲೆದಾಡುತ್ತಿರುವ, ಮನೋರೋಗವಿದ್ದು ತಮ್ಮನ್ನು ತಾವು ನೋಡಿಕೊಳ್ಳಲಾರರು ಎಂದು ಕಾಣುವ ವ್ಯಕ್ತಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆ ಪ್ರದೇಶದ ಪೊಲೀಸ್ ಠಾಣಾಧಿಕಾರಿಯ ಕರ್ತವ್ಯವೆಂದು 2017ರ ಕಾಯ್ದೆಯ 100ನೇ ಕಲಂ ಹೇಳುತ್ತದೆ. ಕಾರಣ ತಿಳಿಸಿ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಪರೀಕ್ಷೆಗೆ ವ್ಯವಸ್ಥೆ ಮಾಡುವುದು ಅಲ್ಲಿನ ವೈದ್ಯಾಧಿಕಾರಿಯ ಹೊಣೆ. ದಾಖಲಾಗುವ ಅಗತ್ಯವಿಲ್ಲವೆಂದಾದರೆ ಮನೆಗೆ, ಮನೆಯಿಲ್ಲದಿದ್ದರೆ ನಿರಾಶ್ರಿತರ ಸರ್ಕಾರಿ ಕೇಂದ್ರಕ್ಕೆ ತಲುಪಿಸಬೇಕು. ನಾಪತ್ತೆ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಕೆಲಸವೇ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಇವರನ್ನು ಭಿಕ್ಷುಕರೆಂದು ಹಿಡಿಯುವುದು ಸುಲಭವೆಂದು ಕೆಲವರಿಗೆ ಅನಿಸಬಹುದು. ರೋಗಿಗೆ ಬೇಕಿರುವುದು ಆ ಬಾಗಿಲಲ್ಲ.

ಊರು ಬದಲಿಸಿ ಇಳಿಸಿ ಬಂದಾಗ ಆಗುವ ನಷ್ಟವನ್ನು ಶುಶ್ರೂಷೆಯ ಕಡೆಯಿಂದಲೂ ನೋಡಿ. ಗಾಯ ಅರ್ಧ ಮಾಗಿರುತ್ತದೆ, ಮುಂದಿನ ಇಂಜೆಕ್ಷನ್ನಿನ ದಿನ ಹತ್ತಿರವಿರುತ್ತದೆ, ಗುರುತಿನ ಒಂದೇ ಒಂದು ಮುಖವೂ ಹೊಸ ಊರಿನಲ್ಲಿ ಇರುವುದಿಲ್ಲ. ನಿಮ್ಮ ಪಟ್ಟಣದ ವ್ಯಾಪಾರಿಗಳ ಸಂಘದಿಂದ ಜಾತ್ರೆಗೆ ಸಾಕಷ್ಟು ಮೊದಲೇ ತಾಲೂಕು ಆರೋಗ್ಯಾಧಿಕಾರಿಗೂ ಠಾಣೆಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಆರು ವರ್ಷಗಳ ಹಿಂದೆ ಕಾಣೆಯಾಗಿದ್ದ ನನ್ನ ಅಣ್ಣನನ್ನು ಬೇರೆ ರಾಜ್ಯದ ಪುನರ್ವಸತಿ ಕೇಂದ್ರವೊಂದು ಹುಬ್ಬಳ್ಳಿಯ ನಮ್ಮ ಮನೆಗೆ ತಂದು ಬಿಟ್ಟಿದೆ. ಒಂದು ತಿಂಗಳ ಮಾತ್ರೆ ಕೊಟ್ಟಿದ್ದಾರೆ. ಈಗ ಚೆನ್ನಾಗಿದ್ದಾನೆ, ಮಾತ್ರೆ ಸಾಕು ಎನ್ನುತ್ತಿದ್ದಾನೆ. ಮತ್ತೆ ಹೋಗಿಬಿಟ್ಟರೆ ಎಂಬ ಭಯಕ್ಕೆ ರಾತ್ರಿ ಕೋಣೆಗೆ ಬೀಗ ಹಾಕುತ್ತಿದ್ದೇವೆ.

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ, ಆದರೂ ಬೀಗ ತೆಗೆಯಿರಿ. ಆರು ವರ್ಷ ಆಕಾಶದ ಕೆಳಗೆ ಮಲಗಿದವರಿಗೆ ಮುಚ್ಚಿದ ಬಾಗಿಲೇ ಹೊರಡಲು ಕಾರಣವಾದೀತು. ಮಾತ್ರೆ ಮುಗಿಯಲು ಇನ್ನೂ ಒಂದು ವಾರ ಇರುವಾಗಲೇ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್‌ಗೆ ಕೇಂದ್ರದವರು ಕೊಟ್ಟ ಕಾಗದಗಳೊಂದಿಗೆ ಅವರನ್ನು ಕರೆದೊಯ್ದು ಅಲ್ಲಿ ಹೆಸರು ನೋಂದಾಯಿಸಿ. ‘ಮಾತ್ರೆ ಸಾಕು’ ಎಂದರೆ ಏಕೆಂದು ಕೇಳಿ. ಹಗಲೆಲ್ಲ ತೂಕಡಿಕೆ, ಕೈನಡುಕ, ಜೊಲ್ಲು, ಹೇಳಿಕೊಳ್ಳಲು ಸಂಕೋಚವಾಗುವ ಲೈಂಗಿಕ ತೊಂದರೆ ಇವು ಸಾಮಾನ್ಯ ಕಾರಣಗಳು. ಔಷಧ ಅಥವಾ ಪ್ರಮಾಣ ಬದಲಿಸಿದರೆ ಬಹುಪಾಲು ಸರಿಹೋಗುತ್ತವೆ. ನಿಮ್ಮ ಭಾಗದ ಸಮುದಾಯ ಶುಶ್ರೂಷಕಿ ಅಥವಾ ಆಶಾ ಕಾರ್ಯಕರ್ತೆಯ ಭೇಟಿ ಮೊದಲ ಕೆಲವು ತಿಂಗಳು ಬಿಡದೆ ನಡೆಯಲಿ. ಮರುಕಳಿಸುವಿಕೆಯ ಮೊದಲ ಸೂಚನೆ ಸಾಮಾನ್ಯವಾಗಿ ನಿದ್ದೆಯಲ್ಲಿ ಕಾಣುತ್ತದೆ. ಸತತ ಎರಡು ಮೂರು ರಾತ್ರಿ ನಿದ್ದೆಯಿಲ್ಲದಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ರಾತ್ರಿಯ ಹೊತ್ತಿನಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸದ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಹಗಲು ದೇವಸ್ಥಾನದ ಕಟ್ಟೆಗೋ ಅಂಗಡಿಗೋ ಹೋಗಿ ಕೂರುತ್ತಾರಾದರೆ ಹೋಗಲಿ. ಅಲ್ಲಿಯ ಒಬ್ಬರಿಬ್ಬರಿಗೆ ನಿಮ್ಮ ನಂಬರು ಕೊಟ್ಟಿರಿ. ಅಣ್ಣನ ಒಪ್ಪಿಗೆ ಪಡೆದು, ಅವರ ಹೆಸರು, ನಿಮ್ಮ ಫೋನ್ ಸಂಖ್ಯೆ, ತೆಗೆದುಕೊಳ್ಳುತ್ತಿರುವ ಔಷಧದ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಅವರ ಅಂಗಿಯ ಜೇಬಿನಲ್ಲಿಡಿ. ಕಾಯಿಲೆಯ ಹೆಸರು ಬೇಡ. ಒಂದು ಸಂಜೆ ಮನೆಗೆ ಬರಲಿಲ್ಲವೆಂದರೆ ಮರುದಿನದವರೆಗೆ ನೋಡೋಣ ಎನ್ನದೆ ಅದೇ ರಾತ್ರಿ ಫೋಟೊ ಸಹಿತ ಠಾಣೆಯಲ್ಲಿ ದೂರು ಕೊಡಿ, ಹುಬ್ಬಳ್ಳಿಯ ರೈಲ್ವೆ ಪೊಲೀಸರಿಗೂ ತಿಳಿಸಿ.